ಅಂಬಾಸಿಡರ್ ಹೆಡ್ಡು ಮತ್ತು ಪೆಟ್ರೋಲ್ ಬಿಟ್ಟುಹೋದ ಸೀಸ

ಹಳೆ ಅಂಬಾಸಿಡರ್ ಎಂಜಿನ್ ಟಕಟಕ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಸದ್ದು ತಾನಾಗಿಯೇ ಕಡಿಮೆಯಾಗುತ್ತಾ ಬಂದರೆ ಮಾತ್ರ ಅನುಭವ ಇರುವ ಮೆಕ್ಯಾನಿಕ್ ಎಂಜಿನ್ನಿನ ನೆತ್ತಿಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್, ಬಿಚ್ಚುತ್ತಾನೆ. ಸಿಲಿಂಡರಿನ ಬಾಗಿಲು ತೆರೆದು ಮುಚ್ಚುವುದು ವಾಲ್ವ್, ಅದನ್ನು ಒತ್ತಿ ತೆರೆಯುವ ಸನ್ನೆ ರಾಕರ್. ರಾಕರ್‌ಗೂ ವಾಲ್ವಿನ ತುದಿಗೂ ನಡುವೆ ಸುಮಾರು 0.38 ಮಿ.ಮೀ. ಸಂದು ಇರಬೇಕು. ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ಅಲ್ಲಿ ಸ್ವಲ್ಪ ಬಿಗಿಯಾಗಿ ಜಾರಬೇಕು. ಹೊಗೆ ಹೊರಬಿಡುವ ಎಗ್ಜಾಸ್ಟ್ ವಾಲ್ವಿನ ಹತ್ತಿರ ಪಟ್ಟಿ ಒಳಗೇ ಹೋಗುತ್ತಿಲ್ಲವೇ? ಹಾಗಾದರೆ ವಾಲ್ವ್ ತಾನು ಮುಚ್ಚಿದಾಗ ಕೂರುವ ಅಂಚನ್ನು, ಅಂದರೆ ಸೀಟನ್ನು, ತಿಂದುಕೊಂಡು ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ಡಿನೊಳಗೆ ಹೂತುಕೊಳ್ಳುತ್ತಿದೆ. ಅದರ ಕಡ್ಡಿ ಅಷ್ಟೇ ಮೇಲಕ್ಕೆ ಬಂದು ಸಂದನ್ನು ನುಂಗಿದೆ. ಸದ್ದು ನಿಂತದ್ದು ಅದಕ್ಕೇ. ಇನ್ನೂ ಹೀಗೇ ಓಡಿಸಿದರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಉರಿಯುವ ಗ್ಯಾಸು ಆ ಸಂದಿಯಲ್ಲಿ ನುಗ್ಗಿ ವಾಲ್ವಿನ ಅಂಚನ್ನೇ ಸುಟ್ಟುಹಾಕುತ್ತದೆ.

ಕೋಲ್ಕತ್ತಾ ಹತ್ತಿರದ ಉತ್ತರಪಾರದಲ್ಲಿ 2014ರವರೆಗೆ ತಯಾರಾದ ಈ ಕಾರು ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ದಶಕಗಟ್ಟಲೆ ಅದನ್ನು ಎಳೆದದ್ದು ಬ್ರಿಟಿಷ್ ಕಂಪನಿ ಬಿಎಂಸಿಯ ಬಿ-ಸೀರೀಸ್‌ನ 1489 ಸಿಸಿ ಪೆಟ್ರೋಲ್ ಎಂಜಿನ್. ಅದರ ಹೆಡ್ಡು ಎರಕದ ಕಬ್ಬಿಣದ್ದು. ಒಬ್ಬರೇ ಎತ್ತಿದರೆ ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಮಗುಚಿ ನೋಡಿದರೆ ಹೃದಯದ ಆಕಾರದ ನಾಲ್ಕು ಗುಳಿಗಳು ಕಾಣುತ್ತವೆ. ಪೆಟ್ರೋಲ್ ಉರಿಯುವುದು ಅಲ್ಲೇ. ಹ್ಯಾರಿ ವೆಸ್ಲೇಕ್ ಎಂಬ ಇಂಗ್ಲಿಷ್ ಎಂಜಿನಿಯರ್ ಕೊಟ್ಟ ಆಕಾರ ಅದು.

ಹೆಡ್ಡಿಗೆ ಹೆಚ್ಚು ಕಷ್ಟ ಇರುವುದು ನಡುಮಧ್ಯದಲ್ಲಿ. ನಾಲ್ಕು ಸಿಲಿಂಡರ್ ಇದ್ದರೂ ಹೊಗೆ ಹೊರಹೋಗಲು ಬಾಗಿಲು ಮೂರೇ. ಒಂದನೆಯದಕ್ಕೂ ನಾಲ್ಕನೆಯದಕ್ಕೂ ಒಂದೊಂದು. ಎರಡು ಮತ್ತು ಮೂರನೆಯವು ಒಂದೇ ಬಾಗಿಲಲ್ಲಿ ಸುಧಾರಿಸಿಕೊಳ್ಳಬೇಕು. ಹಾಗಾಗಿ ಅಲ್ಲಿನ ಕಬ್ಬಿಣಕ್ಕೆ ಬಿಸಿ ಜಾಸ್ತಿ, ಬಿರುಕು ಬೀಳುವುದೂ ಅಲ್ಲೇ ಜಾಸ್ತಿ. ಒಳ್ಳೆಯ ವರ್ಕ್‌ಶಾಪಿನಲ್ಲಿ ಬೇರೆ ಯಾವ ಕೆಲಸಕ್ಕೂ ಮುಂಚೆ ಹೆಡ್ಡನ್ನು ತೊಳೆದು, ಆಯಸ್ಕಾಂತ ಇಟ್ಟು, ಕಬ್ಬಿಣದ ನುಣ್ಣನೆ ಪುಡಿ ಉದುರಿಸುತ್ತಾರೆ. ಬಿರುಕು ಇದ್ದ ಕಡೆ ಪುಡಿ ಸಾಲುಗಟ್ಟಿ ನಿಲ್ಲುತ್ತದೆ. ಈ ಪರೀಕ್ಷೆ ಬಿಟ್ಟು ಉಳಿದದ್ದನ್ನೆಲ್ಲ ಮಾಡಿಸಿದರೆ ದುಡ್ಡು ದಂಡ.

ಇನ್ನು ಸೀಟಿನ ಕಥೆ. ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಓಡುವಾಗ ಎಗ್ಜಾಸ್ಟ್ ವಾಲ್ವಿನ ತಲೆ 700 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆ ಬಿಸಿಯ ಬಹುಪಾಲು ಇಳಿದುಹೋಗುವುದು ವಾಲ್ವ್ ಮುಚ್ಚಿರುವಾಗ, ಸೀಟಿನ ಮೂಲಕ. ಎರಡೂ ತಾಗುವ ಪಟ್ಟಿಯ ಅಗಲ ಒಂದೂವರೆ ಮಿ.ಮೀ. ಆಸುಪಾಸು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಎರಡು ಸುತ್ತಿಗೆ ಒಮ್ಮೆಯಂತೆ ಸೆಕೆಂಡಿಗೆ 25 ಸಲ ಆ ಪಟ್ಟಿಗೆ ಬಡಿಯುತ್ತದೆ. ಕೆಂಪಗೆ ಕಾದ ಲೋಹ ಹಾಗೆ ಬಡಿದಾಗ ಸೀಟಿನ ಕಬ್ಬಿಣಕ್ಕೆ ಅಲ್ಲಲ್ಲಿ ಕಣ್ಣಿಗೆ ಕಾಣದಷ್ಟು ಬೆಸೆದುಕೊಳ್ಳುತ್ತದೆ. ಮತ್ತೆ ತೆರೆದಾಗ ಒಂದು ಕಣ ಕಿತ್ತುಕೊಂಡು ಬರುತ್ತದೆ. ಕಿತ್ತ ಕಣ ವಾಲ್ವಿಗೆ ಅಂಟಿಕೊಂಡು, ಸೀಟನ್ನು ಅರದ ಹಾಗೆ ಉಜ್ಜುತ್ತದೆ.

ಮೊದಲು ಹೀಗಾಗುತ್ತಿರಲಿಲ್ಲ. ಕಾರಣ ಸೀಸ. 1921ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನ ಥಾಮಸ್ ಮಿಡ್‌ಗ್ಲಿ ಪೆಟ್ರೋಲಿಗೆ ಟೆಟ್ರಾಎಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ ನಾಕ್ ಹೊಡೆಯುವುದಿಲ್ಲ (ಪೆಟ್ರೋಲ್ ತಾನಾಗಿಯೇ ಸಿಡಿದು ಬಡಿಯುವುದಿಲ್ಲ) ಎಂದು ಕಂಡುಕೊಂಡರು. ಸೀಟು ಉಳಿಸುವ ಯೋಚನೆ ಅವರಿಗೆ ಇರಲೇ ಇಲ್ಲ. ಅದು ಸುಮ್ನೆ ಸಿಕ್ಕ ಲಾಭ. ಉರಿದುಳಿದ ಸೀಸದ ಸಂಯುಕ್ತಗಳು ಸೀಟಿನ ಮೇಲೆ ತೆಳ್ಳಗೆ ಕೂತು ಲೋಹಕ್ಕೆ ಲೋಹ ತಾಗದಂತೆ ತಡೆಯುತ್ತಿದ್ದವು. ಹಾಗಾಗಿ ಸೀಟಿಗೆ ಬೇರೆ ಗಟ್ಟಿ ಲೋಹ ಹಾಕುವ ಖರ್ಚು ಉಳಿಯಿತು. ಹೆಡ್ಡಿನ ಕಬ್ಬಿಣದಲ್ಲೇ ಸೀಟು ಕೊರೆದರು. ಅದೇ ಸೀಸ ಹೊಗೆಯಲ್ಲಿ ಬಂದು ಮಕ್ಕಳ ಮಿದುಳಿಗೆ ಕುತ್ತು ತರುತ್ತಿತ್ತು. ಭಾರತದಲ್ಲಿ 2000ದ ಫೆಬ್ರವರಿಯಿಂದ ಪೆಟ್ರೋಲ್ ಪೂರ್ತಿ ಸೀಸಮುಕ್ತವಾಯಿತು. ಕೊನೆಯ ದೇಶವಾಗಿ ಅಲ್ಜೀರಿಯಾ ಬಿಟ್ಟದ್ದು 2021ರಲ್ಲಿ. ಹಳೆ ಎಂಜಿನ್ ಪ್ರೇಮಿಗಳು ಗೊಣಗುವುದುಂಟು. ನನಗಂತೂ ಅವರ ಬಗ್ಗೆ ಕನಿಕರ ಇಲ್ಲ.

ಈಗ ರಿಪೇರಿ ಅಂದರೆ ಆ ಸೀಸದ ಜಾಗಕ್ಕೆ ಗಟ್ಟಿ ಮಿಶ್ರಲೋಹದ ಉಂಗುರ ಕೂರಿಸುವುದು. ಹಳೆ ಸೀಟನ್ನು ಕೊರೆದು ತೆಗೆದು, ಉಂಗುರಕ್ಕಿಂತ ಸುಮಾರು 0.1 ಮಿ.ಮೀ. ಕಿರಿದಾದ ಗುಳಿ ಮಾಡುತ್ತಾರೆ. ದೊಡ್ಡದು ಚಿಕ್ಕದರೊಳಗೆ ಹೇಗೆ ಹೋಗುತ್ತದೆ? 35 ಮಿ.ಮೀ. ಅಗಲದ ಉಂಗುರವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿದರೆ ಅದು ಸುಮಾರು 0.07 ಮಿ.ಮೀ. ಕುಗ್ಗುತ್ತದೆ. ಹೆಡ್ಡನ್ನು ನೂರು ಡಿಗ್ರಿ ಹೆಚ್ಚು ಕಾಯಿಸಿದರೆ ಗುಳಿ ಇನ್ನೊಂದು 0.03-0.04 ಮಿ.ಮೀ. ಹಿಗ್ಗುತ್ತದೆ. ಉಂಗುರ ಹೆಚ್ಚು ಬಲ ಬೇಡದೆ ಒಳಗಿಳಿಯುತ್ತದೆ. ಆದರೆ ಕೈ ಚುರುಕಾಗಿರಬೇಕು. ಕೆಲವೇ ಕ್ಷಣಗಳಲ್ಲಿ ಎರಡೂ ಒಂದೇ ಬಿಸಿಗೆ ಬಂದು ಕಚ್ಚಿಕೊಂಡುಬಿಡುತ್ತವೆ. ಅರ್ಧಕ್ಕೆ ನಿಂತರೆ ಉಂಗುರ ಹಾಳು.

ಆಮೇಲೆ ಸೀಟನ್ನು 45 ಡಿಗ್ರಿಗೆ ಕಡಿದು, ಪೇಸ್ಟ್ ಹಚ್ಚಿ ವಾಲ್ವನ್ನು ಅದರ ಮೇಲೆ ಅತ್ತ ಇತ್ತ ತಿರುಗಿಸಿ ಅರೆಯುತ್ತಾರೆ. ಪರೀಕ್ಷೆಗೆ ಪೆನ್ಸಿಲ್ ಸಾಕು. ಒರೆಸಿದ ಸೀಟಿನ ಮೇಲೆ ಸುತ್ತಲೂ ಅಡ್ಡಗೆರೆ ಎಳೆದು, ವಾಲ್ವ್ ಇಟ್ಟು ಒತ್ತಿ ಸ್ವಲ್ಪ ತಿರುಗಿಸಬೇಕು. ಒಂದು ಗೆರೆ ಉಳಿದಿದ್ದರೂ ಅಲ್ಲಿ ತಾಗಿಲ್ಲ ಎಂದು ಲೆಕ್ಕ. ಸ್ಪ್ರಿಂಗ್ ಹಾಕಿದ ಮೇಲೆ ಪೆಟ್ರೋಲ್ ಉರಿಯುವ ಗುಳಿಗೆ ಸೀಮೆಎಣ್ಣೆ ಸುರಿದು, ಆಚೆ ಬಾಗಿಲಲ್ಲಿ ಜಿನುಗುತ್ತದಾ ಅಂತಲೂ ನೋಡುತ್ತಾರೆ.

ಹಾಗಂತ ಹಳೆ ಕಾರಿದ್ದವರೆಲ್ಲ ಈ ಕೆಲಸಕ್ಕೆ ಓಡಬೇಕಿಲ್ಲ. ಸೀಟು ಸವೆಯುವುದು ಮುಖ್ಯವಾಗಿ ವೇಗ ಮತ್ತು ಭಾರದಿಂದ. ಭಾನುವಾರ ಊರೊಳಗೆ ಒಂದು ಸುತ್ತು ಹಾಕುವ ಕಾರಿನ ಸೀಟು ವರ್ಷಗಟ್ಟಲೆ ಬಾಳುತ್ತದೆ. ಸೀಟಿನ ಹಿಂದೆಯೇ ನೀರು ಹರಿಯುವ ಪೊಳ್ಳು ಇದೆ. ಎರಕ ಅಲ್ಲಿ ಎಷ್ಟು ತೆಳ್ಳಗಿದೆ ಎಂದು ಹೊರಗಿಂದ ಗೊತ್ತಾಗುವುದಿಲ್ಲ. ಉಂಗುರಕ್ಕೆಂದು ಕೊರೆಯುವಾಗ ಕಟ್ಟರ್ ಅದಕ್ಕೆ ತೂತು ಹಾಕಿದರೆ, ಚೆನ್ನಾಗಿದ್ದ ಹೆಡ್ಡೇ ಗುಜರಿಗೆ ಹೋಗಬಹುದು. ಹಾಗಾಗಿ ಸರ್ವಿಸ್ ಮಾಡಿಸಿದಾಗಲೆಲ್ಲ ಎಂಟೂ ವಾಲ್ವ್‌ಗಳ ಸಂದು ಅಳೆದು ಬರೆದಿಟ್ಟುಕೊಳ್ಳಿ. ಎಗ್ಜಾಸ್ಟಿನ ನಾಲ್ಕು ಅಂಕಿಗಳು ಮತ್ತೆ ಮತ್ತೆ ಇಳಿಯುತ್ತಿದ್ದರೆ ಆಗ ಹೆಡ್ ಇಳಿಸಿದರಾಯಿತು.