ಬೇರೆಯವರ ಪ್ರಕರಣ ವಿದ್ಯಾರ್ಥಿಯ ಅನುಭವವಾಗುವುದು ಹೇಗೆ?

ಪ್ರಶ್ನೆ: ಅನುಭವದಿಂದ ಕಲಿಯಬೇಕೆನ್ನುತ್ತಾರೆ. ಆದರೆ ನಾವು ತರಗತಿಯಲ್ಲಿ ಓದಿಸುವ ಕೇಸ್ ಸ್ಟಡಿಗಳೆಲ್ಲ ಇನ್ಯಾರದೋ ಅನುಭವ. ಅವು ಉಪನ್ಯಾಸಕ್ಕಿಂತ ಹೇಗೆ ಭಿನ್ನ?

ಉತ್ತರ: ಎಷ್ಟೋ ಸಲ ಭಿನ್ನವೇ ಅಲ್ಲ. ಪ್ರಕರಣವನ್ನು ಆದಿಯಿಂದ ಅಂತ್ಯದವರೆಗೆ ಓದಿಸಿ ‘ಏನು ತಿಳಿಯಿತು?’ ಎಂದು ಕೇಳಿದರೆ ಅದು ಕಥೆಯ ವೇಷ ತೊಟ್ಟ ಉಪನ್ಯಾಸವಷ್ಟೇ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1916ರಲ್ಲಿ ಬರೆದಂತೆ ಅನುಭವಕ್ಕೆ ಎರಡು ಮುಖಗಳಿವೆ: ಮಾಡಿ ನೋಡುವುದು ಮತ್ತು ಮಾಡಿದ್ದರ ಫಲವನ್ನು ಉಣ್ಣುವುದು. ಮಗು ಉರಿಗೆ ಬೆರಳು ಚಾಚಿದರೆ ಸಾಲದು. ಚಾಚಿದ್ದರಿಂದಲೇ ಸುಟ್ಟಿತೆಂಬ ನಂಟು ಅದಕ್ಕೆ ಹೊಳೆಯಬೇಕು. ಹಾಗಾಗಿ ವಿದ್ಯಾರ್ಥಿ ಫಲಿತಾಂಶ ತಿಳಿಯುವ ಮೊದಲೇ ಒಂದು ನಿರ್ಧಾರಕ್ಕೆ ಕಟ್ಟುಬೀಳುವಂತೆ ಮಾಡುವುದೇ ಇಲ್ಲಿ ಶಿಕ್ಷಕರ ಮುಖ್ಯ ಕೆಲಸ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಹಬ್ಬಿದ ಕಾಲರಾವನ್ನೇ ತೆಗೆದುಕೊಳ್ಳಿ. (ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುತ್ತದೆ, ಅವರಿಗೆ ಊರು, ರೋಗಗಳ ಹೆಸರು ಮರೆಮಾಚಿ ಕೊಡಿ.) ಮೊದಲು ಸಾವುಗಳ ನಕ್ಷೆಯನ್ನೂ, ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂದು ಆಗ ಬಹುತೇಕರು ನಂಬಿದ್ದರೆಂಬ ಸಂಗತಿಯನ್ನೂ ಮಾತ್ರ ಮುಂದಿಟ್ಟು, ಕೈಗೊಳ್ಳಬೇಕಾದ ಕ್ರಮವನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಲಿ, ಬರೆದದ್ದನ್ನು ತಿದ್ದುವಂತಿಲ್ಲ. ಬಳಿಕ, ಆ ಬೀದಿಗಳ ನಡುವೆಯೇ ಇದ್ದ ಬಡವರ ಆಶ್ರಯಗೃಹದ 535 ಮಂದಿಯಲ್ಲಿ ಸತ್ತವರು 5 ಮಂದಿ ಮಾತ್ರವೆಂದೂ, ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಕಾಲರಾದಿಂದ ಒಬ್ಬರೂ ಸಾಯಲಿಲ್ಲವೆಂದೂ ತಿಳಿಸಿ. ಗಾಳಿಯನ್ನು ದೂರಿದ್ದವರು ಇಲ್ಲಿ ತಡವರಿಸುತ್ತಾರೆ, ಏಕೆಂದರೆ ಗಾಳಿ ಎಲ್ಲರಿಗೂ ಒಂದೇ. ಆಗ ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡು ‘ನಿಮ್ಮ ಊಹೆ ನಿಜವಾಗಿದ್ದರೆ ಇನ್ನೇನು ಕಾಣಬೇಕಿತ್ತು?’ ಎಂದಷ್ಟೇ ಕೇಳಿ ಸುಮ್ಮನಿರುವುದು, ನನ್ನ ಮಟ್ಟಿಗೆ, ಈ ವಿಧಾನದ ಅತಿ ಕಷ್ಟದ ಭಾಗ. ಎರಡೂ ಕಡೆ ಸ್ವಂತ ಬಾವಿಗಳಿದ್ದವೆಂಬುದನ್ನು ಅವರು ಕೇಳಿದ ಮೇಲೆಯೇ ಹೇಳಿ.

ಕೊನೆಯ ಕಂತು ಗೆದ್ದವರಿಗಾಗಿ. ಬ್ರಾಡ್ ಸ್ಟ್ರೀಟಿನ ಪಂಪಿನ ಕುಡಿಯುವ ನೀರಿನಿಂದಲೇ ರೋಗ ಹಬ್ಬುತ್ತಿದೆ ಎಂದ ವೈದ್ಯ ಜಾನ್ ಸ್ನೋ ಅವರ ಮಾತಿನ ಮೇಲೆ ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆಯನ್ನು ಕಳಚಲಾಯಿತು. ಆದರೆ ಜನ ಆ ಪ್ರದೇಶ ಬಿಟ್ಟು ಹೋದದ್ದರಿಂದ ಸಾವುಗಳು ಅದಕ್ಕೂ ಮೊದಲೇ ಇಳಿಮುಖವಾಗಿದ್ದವು. ಹಾಗಿದ್ದರೆ ರೋಗವನ್ನು ನಿಲ್ಲಿಸಿದ್ದು ಹಿಡಿಕೆಯೇ? ನೀರೇ ಕಾರಣವೆಂದು ಮೊದಲೇ ಬರೆದಿದ್ದವರೂ ಇಲ್ಲಿ ತಮ್ಮ ತರ್ಕವನ್ನು ಮತ್ತೆ ಬಿಚ್ಚಿ ನೋಡಬೇಕಾಗುತ್ತದೆ.

ಚೀಟಿಗಳನ್ನು ಮರಳಿಸಿ, ತಮ್ಮನ್ನು ದಾರಿ ತಪ್ಪಿಸಿದ ಊಹೆ ಯಾವುದೆಂದು ಅದರಡಿಯೇ ಬರೆಸಿ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರದಲ್ಲಿ ಅವಲೋಕನದ ನಂತರ ಪರಿಕಲ್ಪನೆ, ಆಮೇಲೆ ಹೊಸ ಪ್ರಯೋಗ ಬರುತ್ತದೆ; ಆದ್ದರಿಂದ ಮುಂದಿನ ವಾರ ಆ ಚೀಟಿಯನ್ನು ಕೈಗಿತ್ತು, ನೀರಿಗೆ ಸಂಬಂಧವೇ ಇಲ್ಲದ ಮತ್ತೊಂದು ಪ್ರಕರಣವನ್ನು ಕೊಡಿ.