ಯುಆರ್‌ಎಲ್ ಒಳಗೆ ಜಿಲ್ಲೆ ಬೇಡ

ಗಂಗಾವತಿಯ ಭತ್ತ, ರಾಯಚೂರಿನ ಹತ್ತಿ, ಹೀಗೆ ಎಪಿಎಂಸಿ ದರ ತೋರಿಸುವ ಆ್ಯಪ್ ಒಂದನ್ನು ಜ್ಯಾಂಗೊದಲ್ಲಿ (ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್) ಕಟ್ಟುವವರು ಮೊದಲು ಬರೆಯುವ ದಾರಿ, ಅಂದರೆ ಪುಟದ ವಿಳಾಸದ (ಯುಆರ್‌ಎಲ್) ರೂಪ, ಹೆಚ್ಚುಕಡಿಮೆ ಒಂದೇ: /ಜಿಲ್ಲೆ/ತಾಲೂಕು/ಮಾರುಕಟ್ಟೆ/ಬೆಳೆ/. (ಓದಲು ಸುಲಭವಾಗಲೆಂದು ದಾರಿಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ, ಕೋಡ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರ ಇರಲಿ.) ನೋಡಲು ಅಚ್ಚುಕಟ್ಟು. ಆದರೆ ನಮ್ಮ ಭಾಗದಲ್ಲಿ ಈ ಶ್ರೇಣಿ ನಿಂತಲ್ಲಿ ನಿಲ್ಲುವುದಿಲ್ಲ. 2014ರ ನವೆಂಬರ್ 1ರಂದು ಬಳ್ಳಾರಿ, ಹೊಸಪೇಟೆಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆಯೇ ಬಳ್ಳಾರಿಯಿಂದ ಹೊರಹೋಯಿತು. ಗಂಗಾವತಿ ತಾಲೂಕಿನಲ್ಲಿದ್ದ ಕಾರಟಗಿ, ಕನಕಗಿರಿ ಈಗ ತಾವೇ ತಾಲೂಕುಗಳು. ಪ್ರತಿ ಸಲವೂ ಆ ಹೆಸರಿನ ಕೆಳಗಿದ್ದ ಪುಟಗಳೆಲ್ಲ ಮುರಿಯುತ್ತವೆ, ವಾಟ್ಸ್ಆ್ಯಪ್‌ನಲ್ಲಿ ಹಂಚಿದ ಲಿಂಕುಗಳೂ ಸೇರಿ.

ಪುಟ ಯಾವುದರ ಬಗ್ಗೆ ಇದೆಯೋ ಅದಷ್ಟೇ ದಾರಿಯಲ್ಲಿರಲಿ: /ಮಾರುಕಟ್ಟೆ/ಗಂಗಾವತಿ/ಭತ್ತ/. ಜಿಲ್ಲೆ, ತಾಲೂಕು ಡೇಟಾಬೇಸಿನ ಕಾಲಂಗಳು. ಸೋಸಿ ನೋಡಬೇಕಾದರೆ /ಮಾರುಕಟ್ಟೆ/?ಜಿಲ್ಲೆ=ಕೊಪ್ಪಳ ಸಾಕು. ಜಿಲ್ಲೆಗೆ ತನ್ನದೇ ಪುಟ ಇದ್ದರೆ ತೊಂದರೆಯಿಲ್ಲ, ಅದು ಬೇರೆ ಪುಟಗಳ ತಲೆಯ ಮೇಲೆ ಕೂರಬಾರದು ಅಷ್ಟೆ.

ಇನ್ನು ಪುಟದ ಹೆಸರು. ಜ್ಯಾಂಗೊದಲ್ಲಿ ಪ್ರತಿ ದಾರಿಗೂ ಒಂದು ಹೆಸರು ಕೊಡಬಹುದು. ಟೆಂಪ್ಲೇಟ್‌ನಲ್ಲಿ ಯುಆರ್‌ಎಲ್ ಟ್ಯಾಗ್, ಪೈಥಾನ್‌ನಲ್ಲಿ ರಿವರ್ಸ್ ಆ ಹೆಸರಿನಿಂದಲೇ ಲಿಂಕ್ ತಯಾರಿಸುತ್ತವೆ. ಎಲ್ಲ ಲಿಂಕೂ ಹೀಗೇ ಬಂದಿದ್ದರೆ ದಾರಿ ಬದಲಿಸುವುದು ಒಂದು ಸಾಲಿನ ಕೆಲಸ. ಜ್ಯಾಂಗೊದಲ್ಲಿ ಪ್ರಾಜೆಕ್ಟಿನ ಒಂದೊಂದು ಭಾಗವನ್ನೂ ಆ್ಯಪ್ ಎನ್ನುತ್ತಾರೆ. ಹೆಸರಿನ ಮುಂದೆ ಆ ಆ್ಯಪ್‌ನ ಗುರುತು (ನೇಮ್‌ಸ್ಪೇಸ್) ಸೇರಿಸಿ: ‘ಮಾರುಕಟ್ಟೆ:ಪಟ್ಟಿ’, ‘ಬೆಳೆ:ಪಟ್ಟಿ’. ಎರಡು ಆ್ಯಪ್‌ಗಳಲ್ಲಿ ಬರೀ ‘ಪಟ್ಟಿ’ ಎಂದಿದ್ದರೆ ಎರರ್ ಬಾರದೆ ಲಿಂಕ್ ಬೇರೆಲ್ಲಿಗೋ ಹೋಗುತ್ತದೆ. ಹುಡುಕಿ ಸಾಕಾಗುವ ದೋಷ ಇದು.

ದಾರಿಗಳನ್ನು ಜ್ಯಾಂಗೊ ಮೇಲಿನಿಂದ ಕೆಳಗೆ ನೋಡಿ, ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. /ಮಾರುಕಟ್ಟೆ/ಹೊಸದು/ ಎಂಬ ಫಾರ್ಮ್ ಪುಟವನ್ನು ಸ್ಲಗ್ (ವಿಳಾಸದಲ್ಲಿ ಊರಿನ ಹೆಸರು ಬರುವ ಭಾಗ) ಇರುವ ಸಾಲಿನ ಕೆಳಗೆ ಬರೆದರೆ, ‘ಹೊಸದು’ ಎಂಬ ಊರನ್ನು ಹುಡುಕಿ 404 (ಪುಟ ಸಿಗಲಿಲ್ಲ) ಕೊಡುತ್ತದೆ. ಸ್ಥಿರ ಪದಗಳು ಮೇಲಿರಲಿ.

ಸ್ಲಗ್ ಕನ್ನಡದಲ್ಲೇ ಇರಲಿ ಎಂಬ ಆಸೆ ಸಹಜ. ಆದರೆ ಜ್ಯಾಂಗೊದ ಸ್ಲಗ್ ಕನ್ವರ್ಟರ್ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಮಾತ್ರ ಒಪ್ಪುತ್ತದೆ. ಹೆಸರಿನಿಂದ ಸ್ಲಗ್ ತಯಾರಿಸುವ ಸ್ಲಗಿಫೈ ಫಂಕ್ಷನ್‌ಗೆ ಯೂನಿಕೋಡ್ ಅನುಮತಿ ಕೊಟ್ಟರೂ ಪೈಥಾನ್ ನಮ್ಮ ಕಾಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಎಣಿಸದೆ ಕಿತ್ತುಹಾಕುತ್ತದೆ: ‘ಬಳ್ಳಾರಿ’ ಹೋಗಿ ‘ಬಳಳರ’ ಆಗುತ್ತದೆ. ಇದನ್ನು ನಾವೇ ಸರಿಪಡಿಸಿಕೊಂಡರೂ, ಲಿಂಕ್ ಕಾಪಿ ಮಾಡಿದಾಗ ಒಂದೊಂದು ಯೂನಿಕೋಡ್ ಚಿಹ್ನೆ 9 ಕ್ಯಾರೆಕ್ಟರ್ ಆಗಿ ಹಿಗ್ಗುತ್ತದೆ. ‘ಬಳ್ಳಾರಿ’ಯಲ್ಲಿ 7 ಚಿಹ್ನೆ, ಅಂದರೆ 63 ಕ್ಯಾರೆಕ್ಟರ್. ಹಾಗಾಗಿ ಕನ್ನಡ ಪುಟದ ಶೀರ್ಷಿಕೆಯಲ್ಲಿ ರಾರಾಜಿಸಲಿ, ಸ್ಲಗ್ ಇಂಗ್ಲಿಷಿನಲ್ಲಿರಲಿ. ಜೊತೆಗೆ ಐಡಿ ಇದ್ದರೆ ಇನ್ನೂ ಗಟ್ಟಿ: /ಮಾರುಕಟ್ಟೆ/47-ಹೊಸಪೇಟೆ/. ದಾಖಲೆಯನ್ನು 47ರಿಂದ ಹುಡುಕಿ, ಹೆಸರು ಓದುವವರಿಗಷ್ಟೇ. ಹಳೆಯ ಕಾಗುಣಿತದಲ್ಲಿ ಬಂದವರನ್ನು ಸರಿಯಾದ ವಿಳಾಸಕ್ಕೆ ರೀಡೈರೆಕ್ಟ್ ಮಾಡಿದರಾಯಿತು.

ರೀಡೈರೆಕ್ಟ್‌ನಲ್ಲೂ ಅವಸರ ಬೇಡ. 301 (ಶಾಶ್ವತ ರೀಡೈರೆಕ್ಟ್) ಕೊಟ್ಟರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ತಪ್ಪು ವಿಳಾಸ ಕೊಟ್ಟಿದ್ದರೆ ಸರ್ವರ್‌ನಲ್ಲಿ ತಿದ್ದಿದ ಮೇಲೂ ಬಳಕೆದಾರರು ಹಳೆಯ ತಪ್ಪಿಗೇ ಹೋಗುತ್ತಾರೆ. ಮೊದಲು 302 (ತಾತ್ಕಾಲಿಕ ರೀಡೈರೆಕ್ಟ್) ಇಟ್ಟು ಪರೀಕ್ಷಿಸಿ, ಆಮೇಲೆ 301 ಮಾಡಿ. ಜಿಲ್ಲೆ ಎರಡು ಸಲ ಬದಲಾಗಿದ್ದರೆ ಹಳೆಯ ಎರಡೂ ದಾರಿಗಳಿಂದ ನೇರವಾಗಿ ಈಗಿನದಕ್ಕೆ ಕಳಿಸಿ, ಒಂದರಿಂದ ಇನ್ನೊಂದಕ್ಕೆ ಸರಪಳಿ ಬೇಡ. ಕೊನೆಯ ಸ್ಲ್ಯಾಶ್ ಮರೆತ ವಿಳಾಸಕ್ಕೂ ಜ್ಯಾಂಗೊ ತಾನಾಗಿ ರೀಡೈರೆಕ್ಟ್ ಮಾಡುತ್ತದೆ. ಓದುವ ಪುಟಕ್ಕೆ ಅದು ಒಳ್ಳೆಯದೇ; ದರ ತುಂಬಿಸುವ ಫಾರ್ಮ್ ಸ್ಲ್ಯಾಶ್ ಇಲ್ಲದೆ ಪೋಸ್ಟ್ ಆದರೆ ಮಾತ್ರ ತುಂಬಿದ್ದೆಲ್ಲ ದಾರಿಯಲ್ಲೇ ಕಳೆದುಹೋಗುತ್ತದೆ. ಡೀಬಗ್ (ಆ್ಯಪ್ ಕಟ್ಟುವಾಗ ದೋಷ ತೋರಿಸುವ ಸೆಟ್ಟಿಂಗ್) ಆನ್ ಇದ್ದಾಗ ಇದೇ ತಪ್ಪಿಗೆ ಎರರ್ ಕಾಣಿಸುತ್ತದೆ, ಹಾಗಾಗಿ ಪ್ರತಿ ಫಾರ್ಮನ್ನೂ ಲೈವ್‌ಗೆ ಹಾಕುವ ಮೊದಲೇ ಒಮ್ಮೆ ಕಳಿಸಿ ನೋಡಿ.