ಎರಡು ಎಕರೆ ಖುಷ್ಕಿಗೆ ಎಷ್ಟು ದೊಡ್ಡ ಕೃಷಿ ಹೊಂಡ ಬೇಕು?

ಪ್ರಶ್ನೆ: ನಮ್ಮದು ಕಡೂರು ತಾಲ್ಲೂಕು, ಕೆಂಪು ಮಣ್ಣಿನ ಎರಡು ಎಕರೆ. ಒಂದೂಕಾಲು ಎಕರೆಯಲ್ಲಿ ರಾಗಿ, ಉಳಿದದ್ದರಲ್ಲಿ 40 ತೆಂಗಿನ ಮರ. ಎರಡು ಹಸು ಇವೆ. ಬೇಸಿಗೆ ಬಂದರೆ ಬೋರ್‌ವೆಲ್ ಕೈಕೊಡುತ್ತದೆ. ಕೃಷಿ ಹೊಂಡ ತೆಗೆಸೋಣ ಅಂತಿದ್ದೇವೆ. ಎಷ್ಟು ದೊಡ್ಡದು ತೆಗೆಸಬೇಕು? ಬರ ಬಂದರೆ ಅದೊಂದೇ ಸಾಕಾಗುತ್ತದಾ?

ಉತ್ತರ: 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳ. ಅದೊಂದೇ ಸಾಕಾಗುವುದಿಲ್ಲ. ಆದರೆ ನೀರನ್ನು ಯಾವುದಕ್ಕೆ ಬಿಡಬೇಕೆಂದು ಮೊದಲೇ ತೀರ್ಮಾನಿಸಿಕೊಂಡರೆ ರಾಗಿ ಕೈಗೆ ಬರುತ್ತದೆ, ಮರವೂ ಉಳಿಯುತ್ತದೆ.

ಜೆಸಿಬಿ ಹೇಗೂ ಬಂದಿದೆ, 21 ಮೀಟರಿನದೇ ತೆಗೆಸಿಬಿಡೋಣ ಅನ್ನುವವರು ಬಹಳ. ಹೊಂಡಕ್ಕೆ ನೀರು ಬರುವುದು ಗುಂಡಿಯ ಗಾತ್ರದಿಂದಲ್ಲ, ಹೊಲದ ಮೇಲೆ ಹರಿದು ಬರುವ ಮಳೆಯಿಂದ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್. ಕಡೂರು, ಅರಸೀಕೆರೆ ಕಡೆ ಹದವಾದ ವರ್ಷದಲ್ಲಿ 600 ಮಿ.ಮೀ. ಆಸುಪಾಸು ಬೀಳುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಎರಡು ಎಕರೆ ಮೇಲೆ ಬೀಳುವುದು 48 ಲಕ್ಷ ಲೀಟರ್. ಅದರಲ್ಲಿ ಹೆಚ್ಚಿನದನ್ನು ಮಣ್ಣೇ ಕುಡಿಯುತ್ತದೆ. ಹರಿದು ಬರುವುದು ಹತ್ತರಲ್ಲಿ ಒಂದು ಪಾಲು, ಅಂದರೆ ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಬರದ ವರ್ಷ 350 ಮಿ.ಮೀ.ಗೆ ಇಳಿದರೆ ಆ ಪಾಲೂ ಇಳಿಯುತ್ತದೆ. ಸೋನೆ ಎಷ್ಟು ದಿನ ಹಿಡಿದರೂ ಹೊಂಡಕ್ಕೆ ಹನಿ ಬರುವುದಿಲ್ಲ. 25-30 ಮಿ.ಮೀ. ರಪರಪ ಸುರಿದ ದಿನವೇ ನೀರು ಹರಿಯುವುದು. ಅಂಥ ವರ್ಷ ಎರಡು, ಎರಡೂವರೆ ಲಕ್ಷ ಲೀಟರ್ ಸಿಕ್ಕರೆ ಪುಣ್ಯ.

ಇಳಿಜಾರನ್ನು 1:1ಕ್ಕೆ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಇಟ್ಟು ತೆಗೆದ 12×12×3 ಹೊಂಡದಲ್ಲಿ ಹಿಡಿಯುವುದು 2.5 ಲಕ್ಷ ಲೀಟರ್. 15×15 ಆದರೆ 4.4 ಲಕ್ಷ, 21×21 ಆದರೆ 9.8 ಲಕ್ಷ. ನಿಮ್ಮ ಹೊಲದ ನೀರಿಗೆ ಮೊದಲನೆಯದೇ ಸರಿ. ಒಳ್ಳೆಯ ವರ್ಷದಲ್ಲಿ ಬಳಸಿದ ಮೇಲೆ ಮತ್ತೊಮ್ಮೆ ತುಂಬಿಕೊಳ್ಳಬಹುದು. ಮೇಲಿನ ಹೊಲದ್ದೋ ರಸ್ತೆ ಚರಂಡಿಯದ್ದೋ ನೀರು ನಿಮ್ಮ ಹೊಲಕ್ಕೆ ನುಗ್ಗುತ್ತಿದ್ದರೆ ಮಾತ್ರ 15 ಮೀಟರಿಗೆ ಹೋಗಿ. ದೊಡ್ಡ ಹೊಂಡದಲ್ಲಿ ತಳಕ್ಕಷ್ಟೇ ನೀರು ನಿಂತರೆ, ಜಾಗವೂ ಹೋಯಿತು, ಒಳಗೆ ಹಾಸುವ ಪ್ಲಾಸ್ಟಿಕ್ ಶೀಟಿನ ದುಡ್ಡೂ ಹೋಯಿತು.

ಇನ್ನು ನೀರಿನ ಹಂಚಿಕೆ. ಮೊದಲ ಹಕ್ಕು ರಾಗಿಯದು, ಅದೂ ಒಂದೇ ಸಲ. ಪುನರ್ವಸು, ಪುಷ್ಯ ಮಳೆಯಲ್ಲಿ (ಜುಲೈ) ಬಿತ್ತಿದ ರಾಗಿ ಹೊಡೆ ಬಿಚ್ಚಿ ತೆನೆ ಹಾಯುವುದು ಉತ್ತರೆ, ಹಸ್ತದ ಹೊತ್ತಿಗೆ (ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರ). ತೆಂಡೆ (ಬುಡದ ಕವಲು) ಒಡೆಯುವಾಗ ಎರಡು ವಾರ ಮಳೆ ಹೋದರೆ ಪೈರು ಬಾಡಿ ಮತ್ತೆ ಚೇತರಿಸಿಕೊಳ್ಳುತ್ತದೆ. ತೆನೆ ಹಾಯುವಾಗ ಹೋದರೆ ಕಾಳು ಜೊಳ್ಳು. ಆಗ 25 ಮಿ.ಮೀ.ನಷ್ಟು ನೀರು ಕೊಡಿ: ಎಕರೆಗೆ ಒಂದು ಲಕ್ಷ ಲೀಟರ್, ನಿಮಗೆ ಒಂದೂಕಾಲು ಲಕ್ಷ. ಕಾಲುವೆಯಲ್ಲಿ ಹಾಯಿಸಿದರೆ ಇಷ್ಟು ನೀರು ಅರ್ಧ ಹೊಲವನ್ನೂ ಮುಟ್ಟುವುದಿಲ್ಲ, ಜೆಟ್ (ಮಳೆಯಂತೆ ನೀರು ಚಿಮ್ಮುವ ಸ್ಪ್ರಿಂಕ್ಲರ್) ಇಟ್ಟೇ ಕೊಡಬೇಕು. ಗಂಟೆಗೆ 1,800 ಲೀಟರ್ ಬಿಡುವ ಐದು ಜೆಟ್ ಹಾಕಿದರೆ ಒಂದೂಕಾಲು ಎಕರೆಗೆ ಹದಿನಾಲ್ಕು ಗಂಟೆ. ಎರಡು ದಿನಕ್ಕೆ ಹಂಚಿ, ಗಾಳಿ ಕಡಿಮೆ ಇರುವ ಬೆಳಗ್ಗೆ, ಸಂಜೆ ಮಾಡಿ.

ಉಳಿದದ್ದು ತೆಂಗಿಗೆ. ಇಲ್ಲಿ ಬಹಳ ಮಂದಿ ತಪ್ಪುತ್ತಾರೆ: ಹೊಂಡದ ನೀರನ್ನು ಏಪ್ರಿಲ್‌ಗೆ ಎಂದು ಕೂಡಿಟ್ಟು, ಡಿಸೆಂಬರ್‌ನಲ್ಲಿ ಬೋರ್‌ವೆಲ್ ಓಡಿಸುತ್ತಾರೆ. ತಿರುಗಾಮುರುಗಾ ಆಗಬೇಕು. ತುಂಬಿದ ಹೊಂಡದಿಂದ ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ಆವಿಯಾದರೂ 860 ಲೀಟರ್ ಹೋಯಿತು. ನೆಲದೊಳಗಿನ ನೀರು ಬಿಸಿಲಿಗೆ ಆರುವುದಿಲ್ಲ. (ಪಕ್ಕದ ಬೋರ್‌ವೆಲ್ ಅದನ್ನು ಎಳೆದುಕೊಳ್ಳುತ್ತದೆ ಅನ್ನುವುದು ನಿಜವೇ, ಆದರೂ ಈ ಲೆಕ್ಕವೇ ವಾಸಿ.) ಬೋರ್‌ವೆಲ್ ನೀರನ್ನು ಮೇಲೆತ್ತಿ ಹೊಂಡದಲ್ಲಿ ತುಂಬಿಡುವುದಂತೂ ಬರಗಾಲದಲ್ಲಿ ಮಾಡಬಾರದ ಕೆಲಸ.

ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 40 ಲೀಟರ್ ಅಂದರೆ 40 ಮರಕ್ಕೆ 1,600 ಲೀಟರ್. ಡಿಸೆಂಬರ್ ಮಧ್ಯದಲ್ಲಿ ಶುರುಮಾಡಿದರೆ ಹೊಂಡದಲ್ಲಿ ಉಳಿದ ಒಂದು ಲಕ್ಷ ಚಿಲ್ಲರೆ ಜನವರಿ ಕೊನೆಯವರೆಗೆ ಬರುತ್ತದೆ. ಅಷ್ಟು ದಿನ ಬೋರ್‌ವೆಲ್‌ಗೆ ಬಿಡುವು. ಮನೆಗೆ, ಹಸುಗಳಿಗೆ ಮಾತ್ರ ಓಡಿಸಿ. ಎರಡು ಹಸುವಿಗೆ ದಿನಕ್ಕೆ 100 ಲೀಟರ್ ಇಟ್ಟುಕೊಳ್ಳಿ. ಮರಕ್ಕೆ 4 ಲೀಟರಿನ ನಾಲ್ಕು ಡ್ರಿಪ್ಪರ್, ಬುಡದಿಂದ ಒಂದು ಮೀಟರ್ ದೂರದಲ್ಲಿ ನಾಲ್ಕು ದಿಕ್ಕಿಗೆ, ಎರಡೂವರೆ ಗಂಟೆ. ಹೊಂಡದ ನೀರಲ್ಲಿ ಪಾಚಿ ಇರುತ್ತದೆ. ಬರೀ ಜಾಲರಿ ಫಿಲ್ಟರ್ ನಂಬಿದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ, ಅದಕ್ಕೆ ಮುಂದಾಗಿ ಮರಳಿನ ಫಿಲ್ಟರ್ ಬೇಕು.

ಮಳೆಗಾಲ ಮುಗಿದು ಪಾತಿ ಇನ್ನೂ ಒದ್ದೆ ಇರುವಾಗಲೇ ಬುಡದ ಸುತ್ತ ಆರು ಅಡಿವರೆಗೆ ತೆಂಗಿನಕಾಯಿಯ ಮಟ್ಟೆ ಜೋಡಿಸಿ, ಉಬ್ಬಿದ ಭಾಗ ಮೇಲಿರಲಿ, ಮೇಲೆ ಒಣ ಗರಿ ಮುಚ್ಚಿ. ಒಣಗಿದ ಮೇಲೆ ಮುಚ್ಚಿದರೆ ಉಪಯೋಗ ಅರ್ಧವೂ ಇಲ್ಲ. ತೀರಾ ಬಿಸಿಲಾದರೆ ಕೆಳಗಿನ ಮೂರು ನಾಲ್ಕು ಹಳೇ ಗರಿ ಕಡಿದು ಮರದ ಭಾರ ಇಳಿಸಬಹುದು. ತೆಂಗಿನ ಹೊಂಬಾಳೆ ಹೊರಬರುವುದಕ್ಕೆ ಎರಡು ವರ್ಷಕ್ಕೂ ಮೊದಲೇ ಒಳಗೆ ಮೂಡಿರುತ್ತದೆ. ಹಾಗಾಗಿ ಈ ಬೇಸಿಗೆಯ ಪೆಟ್ಟು ಮುಂದಿನ ಎರಡು ಮೂರು ವರ್ಷದ ಫಸಲಲ್ಲಿ ಕಾಣುತ್ತದೆ. ಈಗ ಗೊನೆ ಚೆನ್ನಾಗಿದೆ ಎಂದು ನೀರು ತಪ್ಪಿಸಬೇಡಿ.

ಹೊಂಡ ತೆಗೆಯುವಾಗ: ಹೊಲದ ತಗ್ಗಿನ ಮೂಲೆ ಆರಿಸಿ. ಕೆಂಪು ಮಣ್ಣಲ್ಲಿ ನೀರು ನಿಲ್ಲುವುದಿಲ್ಲ, 500 ಮೈಕ್ರಾನ್ ಶೀಟ್ ಬೇಕೇ ಬೇಕು. 12 ಮೀಟರ್ ಹೊಂಡಕ್ಕೆ 12 ಮೀಟರ್ ಶೀಟ್ ತಂದು ಪೇಚಾಡುವವರಿದ್ದಾರೆ. ತಳ 6 ಮೀಟರ್, ಎರಡು ಇಳಿಜಾರು ಸೇರಿ ಎಂಟೂವರೆ, ಅಂಚಿಗೆ ಆ ಕಡೆ ಈ ಕಡೆ ಒಂದೊಂದು, ಒಟ್ಟು 16.5 ಮೀಟರ್ ಚೌಕ. ದಡದಿಂದ ಒಂದೂವರೆ ಅಡಿ ಬಿಟ್ಟು, ಒಂದೂವರೆ ಅಡಿ ಆಳದ ಕಾಲುವೆ ತೆಗೆದು ಶೀಟಿನ ಅಂಚನ್ನು ಅದರಲ್ಲಿ ಹೂಳಬೇಕು. ಹಾಸುವ ಮುಂಚೆ ಚೂಪು ಕಲ್ಲು, ಬೇರು ಆಯ್ದು, ಜರಡಿ ಹಿಡಿದ ಮಣ್ಣು ಬಳಿಯಿರಿ. ನೀರು ಒಳಬರುವ ಕಡೆ 2×2×1 ಮೀಟರಿನ ಹೂಳುಗುಂಡಿ, ಬಾಯಿಗೆ ಕಲ್ಲು ಹಾಸು. ಇದನ್ನು ಬಿಟ್ಟರೆ ಮೊದಲ ಜೋರು ಮಳೆಗೇ ನೀರು ಶೀಟಿನ ಕೆಳಗೆ ನುಗ್ಗಿ ಇಡೀ ಶೀಟನ್ನು ಎತ್ತಿಬಿಡುತ್ತದೆ. ಹೆಚ್ಚಾದ ನೀರು ಹೊರಹೋಗುವ ದಾರಿ ದಡಕ್ಕಿಂತ ಒಂದು ಅಡಿ ಕೆಳಗಿರಲಿ.

ಒದ್ದೆ ಶೀಟ್ ಮೇಲೆ ಈಜು ಬರುವವರೂ ಹತ್ತಿ ಬರಲಾರರು. ಸುತ್ತ ತಂತಿ ಬೇಲಿ, ಬೀಗವಿರುವ ಗೇಟು, ನಾಲ್ಕೂ ಕಡೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಟ್ಟ ಮೇಲೆಯೇ ನೀರು ತುಂಬಲು ಬಿಡಿ.

ಕೃಷಿ ಭಾಗ್ಯ ಯೋಜನೆಯ ಸಹಾಯಧನಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮಂಜೂರಾತಿ ಬರುವ ಮೊದಲು ಗುಂಡಿ ತೋಡಬೇಡಿ.

ಮಳೆ ತಡವಾಗಿ ರಾಗಿ ಬಿತ್ತನೆ ಆಗಸ್ಟ್ ಮಧ್ಯ ದಾಟಿದರೆ ಎಂಆರ್-6ನಂಥ ದೀರ್ಘಾವಧಿ ತಳಿ ಬಿಟ್ಟು, ಜಿಪಿಯು-48ನಂಥ 95-100 ದಿನದ್ದು ಹಾಕಿ. ಸೆಪ್ಟೆಂಬರ್‌ಗೂ ಹೋದರೆ ಹುರುಳಿಯೇ ಗತಿ. ಮೇವಿಗೆಂದು ಬಿತ್ತಿದ ಜೋಳ ನೀರಿಲ್ಲದೆ ಮುರುಟಿದ್ದರೆ ಎಳೆಯದನ್ನು ಕೊಯ್ದು ಹಸುವಿಗೆ ಹಾಕಬೇಡಿ. ಅದರಲ್ಲಿ ಸೈನೈಡ್ ವಿಷ ಸೇರಿರುತ್ತದೆ, ಹೂ ಬಂದ ಮೇಲೆ ಕೊಡಿ. ರಾಗಿಗೆ ಫಸಲ್ ಬಿಮಾ ಕಟ್ಟುವವರು ವಿಮಾ ಮೊತ್ತದ ಶೇ 2ರಷ್ಟು ಕಟ್ಟಿ ಸುಮ್ಮನಾಗಬಾರದು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ರಾಗಿ ಎಂದೇ ದಾಖಲಾಗಿದೆಯೇ ನೋಡಿಕೊಳ್ಳಿ. ಅಲ್ಲಿ ಬರೀ ತೆಂಗು ಎಂದಿದ್ದರೆ ಪರಿಹಾರ ತಿರಸ್ಕೃತವಾಗುತ್ತದೆ, ಆಕ್ಷೇಪಣೆಯನ್ನು ಕೊಯ್ಲಿಗೆ ಮೊದಲೇ ಸಲ್ಲಿಸಬೇಕು.